ತಂಬ್ರಹಳ್ಳಿ ಸೀಮೆಯ ಮನೆತನ ಚರಿತ್ರೆ ಮತ್ತು ಜನಜೀವನ

ತಂಬ್ರಹಳ್ಳಿಯು ಕರ್ನಾಟಕದ ವಿಜಯನಗರ ಜಿಲ್ಲೆಯ ಹಗರಿಬೊಮ್ಮನಹಳ್ಳಿ ತಾಲ್ಲೂಕಿಗೆ ಸೇರಿದ ಒಂದು ಗ್ರಾಮ ಮತ್ತು ಹೋಬಳಿ ಕೇಂದ್ರ. ತುಂಗಭದ್ರಾ ಜಲಾಶಯದ ಹಿನ್ನೀರಿಗೆ ಸಮೀಪದಲ್ಲಿರುವ ಈ ಗ್ರಾಮವು ಬಂಡೆ ರಂಗನಾಥ ದೇವಾಲಯದಿಂದ ಸುತ್ತಲಿನ ಹಳ್ಳಿಗಳಿಗೆ ಪರಿಚಿತವಾಗಿದೆ. ಈ ಲೇಖನವು ಗ್ರಾಮ ಮತ್ತು ಅದರ ಸುತ್ತಲಿನ ಸೀಮೆಯಲ್ಲಿ ಮನೆತನಗಳ ಚರಿತ್ರೆ ಯಾವ ಯಾವ ರೂಪಗಳಲ್ಲಿ ಉಳಿದುಬಂದಿದೆ, ದಿನನಿತ್ಯದ ಬದುಕಿನೊಂದಿಗೆ ಅದು ಹೇಗೆ ಹೆಣೆದುಕೊಂಡಿದೆ ಎಂಬುದನ್ನು ಕುರಿತದ್ದು. ಅರಸರ ಚರಿತ್ರೆಗೆ ಶಾಸನಗಳಿವೆ; ಇದೇ ತಾಲ್ಲೂಕಿನ ಕೋಗಳಿಯು ಚಾಲುಕ್ಯರ ಕಾಲದಲ್ಲಿ 'ಕೋಗಳಿ ಐನೂರು' ಎಂಬ ಆಡಳಿತ ವಿಭಾಗದ ಕೇಂದ್ರವಾಗಿತ್ತೆಂಬುದು ಶಾಸನಗಳಿಂದಲೇ ತಿಳಿದುಬರುತ್ತದೆ. ಒಕ್ಕಲು ಮಕ್ಕಳ ಚರಿತ್ರೆಯನ್ನಾದರೋ ಹೆಳವರ ಹೊತ್ತಿಗೆಯಲ್ಲಿ, ಮನೆಯ ಗೋಡೆಗಳಲ್ಲಿ, ಮಕ್ಕಳಿಗಿಟ್ಟ ಹೆಸರುಗಳಲ್ಲಿ ಮತ್ತು ಕಂದಾಯ ಇಲಾಖೆಯ ಕಡತಗಳಲ್ಲಿ ಹುಡುಕಬೇಕಾಗುತ್ತದೆ.

ಆಡಳಿತದ ಹಿನ್ನೆಲೆ

1800ರಲ್ಲಿ ಹೈದರಾಬಾದಿನ ನಿಜಾಮನು ಬಳ್ಳಾರಿ ಸೀಮೆಯನ್ನು ಈಸ್ಟ್ ಇಂಡಿಯಾ ಕಂಪನಿಗೆ ಬಿಟ್ಟುಕೊಟ್ಟನು. ಹೀಗೆ ಬಿಟ್ಟುಕೊಟ್ಟ ಪ್ರದೇಶಕ್ಕೆ 'ದತ್ತ ಮಂಡಲ' ಎಂಬ ಹೆಸರಾಯಿತು. ಅಂದಿನಿಂದ 1953ರ ವರೆಗೆ ಈ ಸೀಮೆಯು ಮದ್ರಾಸಿನ ಆಡಳಿತದಲ್ಲಿತ್ತು. 1953ರ ಅಕ್ಟೋಬರ್ 1ರಂದು ಬಳ್ಳಾರಿ ಜಿಲ್ಲೆಯ ಕನ್ನಡ ಭಾಗಗಳು ಮೈಸೂರು ರಾಜ್ಯಕ್ಕೆ ಸೇರಿದವು. 2021ರಲ್ಲಿ ಬಳ್ಳಾರಿ ಜಿಲ್ಲೆಯನ್ನು ವಿಭಜಿಸಿ ಹೊಸಪೇಟೆ, ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ, ಹರಪನಹಳ್ಳಿ ತಾಲ್ಲೂಕುಗಳನ್ನೊಳಗೊಂಡ ವಿಜಯನಗರ ಜಿಲ್ಲೆಯನ್ನು ರಚಿಸಲಾಯಿತು.

ಮನೆತನ ಚರಿತ್ರೆಯ ದೃಷ್ಟಿಯಿಂದ ಈ ಬದಲಾವಣೆಗಳಿಗೆ ಮಹತ್ವವಿದೆ. ಮುಂಬಯಿ ಪ್ರಾಂತ್ಯದಲ್ಲಿದ್ದ ಧಾರವಾಡ, ಬೆಳಗಾವಿ ಕಡೆಗಳಲ್ಲಿ ಮನೆತನದ ಅಡ್ಡಹೆಸರು ವ್ಯಕ್ತಿಯ ಹೆಸರಿನ ನಂತರ ಬರುತ್ತದೆ. ಮದ್ರಾಸಿಗೆ ಸೇರಿದ್ದ ಬಳ್ಳಾರಿ ಸೀಮೆಯಲ್ಲಿ ಊರಿನ ಅಥವಾ ಮನೆತನದ ಹೆಸರು ಒಂದು ಅಕ್ಷರವಾಗಿ ಕುಗ್ಗಿ ಹೆಸರಿನ ಮುಂದೆ ನಿಲ್ಲುವುದೇ ಹೆಚ್ಚು. ಹೀಗಾಗಿ ಹಳೆಯ ದಾಖಲೆಗಳಲ್ಲಿ ಕಾಣುವ 'ಟಿ.' ಎಂಬ ಒಂದೇ ಅಕ್ಷರ ತಂಬ್ರಹಳ್ಳಿಯೂ ಆಗಿರಬಹುದು, ತಳವಾರ ಮನೆತನವೂ ಆಗಿರಬಹುದು. ಮೂರು ತಲೆಮಾರು ಕಳೆದ ಮೇಲೆ ಆ ಅಕ್ಷರವನ್ನು ಬಿಡಿಸಿ ಹೇಳಬಲ್ಲವರು ಮನೆಯಲ್ಲಿಯೇ ಇರುವುದಿಲ್ಲ.

ಹೆಳವರು

ಉತ್ತರ ಕರ್ನಾಟಕದ ಇತರ ಭಾಗಗಳಂತೆ ಈ ಸೀಮೆಯಲ್ಲಿಯೂ ಒಕ್ಕಲು ಮನೆತನಗಳ ವಂಶಾವಳಿಯನ್ನು ಕಾಪಾಡಿಕೊಂಡು ಬಂದವರು ಹೆಳವರು. 'ಹೆಳವ' ಎಂದರೆ ಕಾಲಿಲ್ಲದವನು, ನಡೆಯಲಾರದವನು ಎಂದರ್ಥ. ಒಂದು ಐತಿಹ್ಯದ ಪ್ರಕಾರ, ಒಕ್ಕಲು ಮನೆತನವೊಂದರ ಅಣ್ಣತಮ್ಮಂದಿರಲ್ಲಿ ಒಬ್ಬನಿಗೆ ಕಾಲು ಊನವಾಗಿತ್ತು. ಹೊಲ ಉಳಲಾರದ ಅವನಿಗೆ ಪಾಲಿನಲ್ಲಿ ಭೂಮಿಯ ಬದಲು ಒಂದು ಎತ್ತು ಬಂದಿತು; ಅದನ್ನೇರಿ ಅಣ್ಣತಮ್ಮಂದಿರ ಮನೆಗಳಿಗೆ ಹೋಗಿ ಅವರ ವಂಶವನ್ನು ಹೇಳಿ ಕಾಳು ಪಡೆಯುವ ಹಕ್ಕು ದೊರೆಯಿತು. ಆಂಧ್ರ ಮತ್ತು ತೆಲಂಗಾಣಗಳ ಪಿಚ್ಚಿಗುಂಟ್ಲರಲ್ಲಿಯೂ ಇದನ್ನೇ ಹೋಲುವ ಕಥೆಯಿದೆ. ಈ ಐತಿಹ್ಯದ ನಿಜಾಂಶವೇನೇ ಇರಲಿ, ವಂಶವನ್ನು ಹೇಳುವುದೂ ಭೂಮಿಯ ಪಾಲಿನಷ್ಟೇ ಬೆಲೆಯುಳ್ಳದ್ದೆಂಬ ಭಾವನೆ ಅದರಲ್ಲಿ ಸ್ಪಷ್ಟವಾಗಿದೆ.

ಹಿಂದೆ ಹೆಳವನು ಅಲಂಕರಿಸಿದ ಎತ್ತಿನ ಮೇಲೆ ಕಾಲುಗಳನ್ನು ಹೊದಿಕೆಯಲ್ಲಿ ಮುಚ್ಚಿಕೊಂಡು, ಗಂಟೆ ಬಾರಿಸುತ್ತ ಊರಿಗೆ ಬರುತ್ತಿದ್ದನು. ಸುಗ್ಗಿ ಮುಗಿದು ಮನೆಗೆ ಕಾಳು ಬಂದ ಕಾಲವೇ ಅವನ ಸಂಚಾರದ ಕಾಲ. ಮನೆಯ ಮುಂದೆ ನಿಂತು ಮೂಲಪುರುಷನಿಂದ ಆರಂಭಿಸಿ ಯಾರ ಮಗ ಯಾರು, ಯಾವ ಊರಿನಿಂದ ಯಾವ ಊರಿಗೆ ಬಂದರು, ಯಾವ ದೇವರ ಒಕ್ಕಲು, ಯಾವ ಬೆಡಗು ಎಂಬುದನ್ನು ಒಂದೇ ಲಯದಲ್ಲಿ ಹೇಳುವನು. ಹೇಳಿ ಮುಗಿದ ಮೇಲೆ ಹಿಂದಿನ ಭೇಟಿಯ ನಂತರ ಹುಟ್ಟಿದ ಮಕ್ಕಳ ಹೆಸರನ್ನು ಕೇಳಿ ಸೇರಿಸಿಕೊಳ್ಳುವನು. ಇದಕ್ಕೆ ಪ್ರತಿಯಾಗಿ ಮನೆಯವರು ಜೋಳ, ಬಟ್ಟೆ, ಹಣ ಕೊಡುತ್ತಾರೆ. ಅನುಕೂಲಸ್ಥರು ಹೋರಿಗರುವನ್ನೋ ಆಕಳನ್ನೋ ಕೊಡುವುದೂ ಉಂಟು. ಒಂದೊಂದು ಹೆಳವ ಕುಟುಂಬಕ್ಕೆ ಇಂತಿಂಥ ಊರು, ಇಂತಿಂಥ ಮನೆತನ ಎಂಬ ಹಂಚಿಕೆಯಿದ್ದು, ಆ ಹಕ್ಕು ತಂದೆಯಿಂದ ಮಗನಿಗೆ ಬರುತ್ತದೆ. ಮೊದಲು ನೆನಪಿನಲ್ಲಿ ಉಳಿದದ್ದು ಕ್ರಮೇಣ ತಾಡವೋಲೆ, ತಾಮ್ರಪಟ, ಕಾಗದದ ಹೊತ್ತಿಗೆಗಳಿಗೆ ಬಂದಿತು.

ಇಂತಹ ವ್ಯವಸ್ಥೆ ಬೇರೆಡೆಗಳಲ್ಲಿಯೂ ಇದೆ. ಹರಿದ್ವಾರದ ಪಂಡರು ಯಾತ್ರಿಕರ ಮನೆತನಗಳ ವಿವರವನ್ನು ಉದ್ದನೆಯ ಬಹಿಗಳಲ್ಲಿ ಬರೆದಿಡುತ್ತಾರೆ. ಸ್ಕಾಟ್ಲೆಂಡಿನಲ್ಲಿ 1249ರಲ್ಲಿ ಮೂರನೆಯ ಅಲೆಕ್ಸಾಂಡರನು ಪಟ್ಟವೇರಿದಾಗ ಗುಡ್ಡನಾಡಿನ ವಂಶಗಾರನೊಬ್ಬನು ಎದ್ದುನಿಂತು ಅರಸನ ಪೂರ್ವಜರ ಹೆಸರುಗಳನ್ನು ಗೇಲಿಕ್ ಭಾಷೆಯಲ್ಲಿ ಒಂದೊಂದಾಗಿ ಹೇಳಿದನೆಂದು ದಾಖಲೆಯಿದೆ. ಹೆಳವರ ವಿಶೇಷವೆಂದರೆ ಅವರು ಅರಸನಿಗಲ್ಲ, ಜೋಳ ಬೆಳೆಯುವ ರೈತನಿಗೆ ವಂಶಗಾರರು.

ಈ ಸೀಮೆಯ ಲಂಬಾಣಿ ತಾಂಡಾಗಳಿಗೆ ಹೆಳವರ ಸಂಬಂಧವಿಲ್ಲ. ಲಂಬಾಣಿಗರ ವಂಶ ಹಾಡುವವರು ಅವರದೇ ಸಮುದಾಯದ ಢಾಡಿಗಳು.

ವಂಶಾವಳಿಯಲ್ಲಿ ಇರುವವರು, ಇಲ್ಲದವರು

ಹೆಳವರ ವಂಶಾವಳಿಯು ಮುಖ್ಯವಾಗಿ ಗಂಡು ಸಂತಾನದ ಸಾಲು. ಮದುವೆಯಾಗಿ ಹೋದ ಹೆಣ್ಣುಮಕ್ಕಳು ಅಲ್ಲಿಗೆ ಮುಗಿಯುತ್ತಾರೆ. ಹಳ್ಳಿಯ ಬದುಕಿನಲ್ಲಿ ಸೋದರಮಾವ, ಸೋದರತ್ತೆಯರ ಸಂಬಂಧಕ್ಕೆ ಇರುವ ತೂಕವನ್ನು ನೋಡಿದರೆ ಇದು ದೊಡ್ಡ ಕೊರತೆಯೇ ಸರಿ. ನಾಗರ ಪಂಚಮಿಗೆ ತವರಿಗೆ ಬರುವ ಮಗಳು, ತಮ್ಮನಿಗೇ ಮಗಳನ್ನು ಕೊಡುವ ಅಕ್ಕ, ಬಾಣಂತನಕ್ಕೆ ತವರಿನಿಂದ ಹೋಗುವ ಬುತ್ತಿ ಇವೆಲ್ಲ ಎರಡು ಮನೆತನಗಳನ್ನು ತಲೆಮಾರುಗಳ ಕಾಲ ಕಟ್ಟಿಹಾಕುತ್ತವೆ. ಹೊತ್ತಿಗೆಯಲ್ಲಿ ಮಾತ್ರ ಇದರ ಸುಳಿವು ಸಿಗುವುದು ಅಪರೂಪ.

ಗಂಡು ಸಂತಾನವಿಲ್ಲದ ಮನೆಗಳ ವಿಷಯವು ಇನ್ನೂ ಕಷ್ಟದ್ದು. ಬಳ್ಳಾರಿ ಜಿಲ್ಲೆಯ ಕೆಲವು ಸಮುದಾಯಗಳಲ್ಲಿ ಅಂತಹ ಮನೆಯವರು ಮಗಳನ್ನು ದೇವರಿಗೆ ಬಿಟ್ಟು 'ಬಸವಿ'ಯನ್ನಾಗಿ ಮಾಡುವ ಪದ್ಧತಿಯಿತ್ತು. ಬಸವಿಯಾದವಳು ತವರಿನಲ್ಲಿಯೇ ಉಳಿದು, ಮಗನಂತೆ ಆಸ್ತಿಗೆ ಹಕ್ಕುದಾರಳಾಗಿ, ತಂದೆಯ ಉತ್ತರಕ್ರಿಯೆಯನ್ನೂ ನಡೆಸುತ್ತಿದ್ದಳು. ಅವಳ ಮಕ್ಕಳು ತಾಯಿಯ ಮನೆತನಕ್ಕೇ ಸೇರುತ್ತಿದ್ದರು. ಡಬ್ಲ್ಯು. ಫ್ರಾನ್ಸಿಸ್ ಸಿದ್ಧಪಡಿಸಿದ 1904ರ ಬಳ್ಳಾರಿ ಜಿಲ್ಲಾ ಗೆಜೆಟಿಯರಿನಲ್ಲಿ ಈ ಪದ್ಧತಿಯ ವಿವರಣೆಯಿದೆ. ಒಂದು ಮನೆತನದ ಹೆಸರು ಉಳಿಯಲೆಂದು ಒಬ್ಬ ಹೆಣ್ಣುಮಗಳ ಬಾಳನ್ನು ತೆತ್ತ ಪದ್ಧತಿಯಿದು. ಮುಂದೆ ಇದು ಬಡ, ದಲಿತ ಕುಟುಂಬಗಳ ಹೆಣ್ಣುಮಕ್ಕಳ ಶೋಷಣೆಯಾಗಿ ಉಳಿದುಕೊಂಡಿತು. 1982ರ ಕರ್ನಾಟಕ ದೇವದಾಸಿ ಸಮರ್ಪಣೆ ನಿಷೇಧ ಕಾಯಿದೆಯು ಇದನ್ನು ಅಪರಾಧವೆಂದು ಸಾರಿತು. ಆದರೂ ಶಾಲೆಯ ದಾಖಲಾತಿ ಪುಸ್ತಕದಲ್ಲಿ ತಂದೆಯ ಹೆಸರಿನ ಕಲಮು ಈ ತಾಯಂದಿರ ಮಕ್ಕಳನ್ನು ಬಹುಕಾಲ ಕಾಡಿದೆ.

ಕಾಲಗಣನೆ

ಹಳೆಯ ವಂಶಾವಳಿಗಳಲ್ಲಿ ಇಸವಿಗಳಿರುವುದು ಕಡಿಮೆ. ಸಂವತ್ಸರದ ಹೆಸರುಗಳಿರುತ್ತವೆ, ಇಲ್ಲವೆ ಜನರ ನೆನಪಿನ ಘಟನೆಗಳಿರುತ್ತವೆ. ಅರವತ್ತು ವರ್ಷಗಳಿಗೊಮ್ಮೆ ಅದೇ ಸಂವತ್ಸರ ಮರಳುವುದರಿಂದ ಓದುವವರು ಎಚ್ಚರದಿಂದಿರಬೇಕು. 'ಧಾತು' ಎಂದಿದ್ದರೆ ಅದು 1876-77 ಆಗಿರಬಹುದು, 1936-37 ಕೂಡ ಆಗಿರಬಹುದು. ತಲೆಮಾರುಗಳನ್ನು ಎಣಿಸಿಯೇ ನಿರ್ಧರಿಸಬೇಕು. ಜೊತೆಗೆ 'ಬರ' ಎಂಬ ಮಾತಿದ್ದರೆ ಸಂಶಯಕ್ಕೆ ಎಡೆಯಿಲ್ಲ. ಧಾತು ಮತ್ತು ಈಶ್ವರ ಸಂವತ್ಸರಗಳ, ಅಂದರೆ 1876ರಿಂದ 1878ರ ವರೆಗಿನ ಮಹಾಕ್ಷಾಮದಲ್ಲಿ ಬಳ್ಳಾರಿ ಜಿಲ್ಲೆಯು ಮದ್ರಾಸ್ ಪ್ರಾಂತ್ಯದಲ್ಲಿಯೇ ಅತಿ ಹೆಚ್ಚು ನೊಂದ ಜಿಲ್ಲೆಗಳಲ್ಲಿ ಒಂದು. ಅದಕ್ಕೂ ಹಿಂದಿನ ನಂದನ ಸಂವತ್ಸರದ ಬರ 1832-33ರದು. 1918ರ ವಿಷಮಶೀತಜ್ವರ ಬಂದದ್ದು ಕಾಳಯುಕ್ತಿಯಲ್ಲಿ.

ಜನನ ಮರಣಗಳ ನೋಂದಣಿಯನ್ನು ಕಡ್ಡಾಯಗೊಳಿಸಿದ ಏಕರೂಪದ ಕಾಯಿದೆ ಭಾರತದಲ್ಲಿ ಬಂದದ್ದು 1969ರಲ್ಲಿ. ಸ್ಕಾಟ್ಲೆಂಡಿನಲ್ಲಿ ಅದು 1855ರಿಂದಲೇ ಜಾರಿಯಲ್ಲಿತ್ತು. ಈ ನಡುವಿನ ಕಾಲದಲ್ಲಿ ಹಳ್ಳಿಯ ಮಕ್ಕಳಿಗೆ ಜನ್ಮದಿನಾಂಕ ಕೊಟ್ಟವರು ಶಾಲೆಯ ಉಪಾಧ್ಯಾಯರು. ಮಗುವಿನ ಕೈ ತಲೆಯ ಮೇಲಿಂದ ಇನ್ನೊಂದು ಕಿವಿಗೆ ಮುಟ್ಟಿದರೆ ವಯಸ್ಸಾಯಿತೆಂದು ತಿಳಿದು, ಜೂನ್ 1 ಎಂದು ಬರೆದುಕೊಳ್ಳುತ್ತಿದ್ದರು. ಒಂದೇ ಊರಿನ ನಿವೃತ್ತ ನೌಕರರಲ್ಲಿ ಹಲವರ ಹುಟ್ಟುಹಬ್ಬ ಒಂದೇ ದಿನ ಬರುವುದಕ್ಕೆ ಇದೇ ಕಾರಣ.

ಮನೆ ಮತ್ತು ಪಾಲು

ಸೀಮೆಯ ಹಳೆಯ ಮನೆಗಳು ಕಲ್ಲು-ಮಣ್ಣಿನ ಗೋಡೆಯ, ಮಣ್ಣು ಹಾಸಿದ ಮಾಳಿಗೆ ಮನೆಗಳು. ತಲೆಬಾಗಿಲು ದಾಟಿದೊಡನೆ ದನ ಕಟ್ಟುವ ಅಂಕಣ, ಅದಕ್ಕಿಂತ ಎತ್ತರದಲ್ಲಿ ಪಡಸಾಲೆ, ಒಳಗೆ ಅಡುಗೆಮನೆ ಮತ್ತು ದೇವರ ಕೋಣೆ. ಬೆಳಕು ಮಾಳಿಗೆಯ ಬೆಳಕಿಂಡಿಯಿಂದ ಇಳಿಯುತ್ತದೆ. ಜೋಳವನ್ನು ನೆಲದಡಿಯ ಹಗೇವಿನಲ್ಲಿ ತುಂಬಿ ಬಾಯಿ ಮುಚ್ಚಿಡುತ್ತಿದ್ದರು. ಹಗೇವು ತೆರೆದೊಡನೆ ಇಳಿಯುವಂತಿಲ್ಲ; ಒಳಗಿನ ಕೆಟ್ಟ ಗಾಳಿ ಹೊರಹೋಗುವವರೆಗೆ ಕಾಯಬೇಕು.

ಅಣ್ಣತಮ್ಮಂದಿರು ಬೇರೆಯಾಗುವಾಗ ಮೊದಲು ಒಲೆ ಬೇರೆಯಾಗುತ್ತದೆ, ಆಮೇಲೆ ಪಡಸಾಲೆಯ ನಡುವೆ ಗೋಡೆ ಏಳುತ್ತದೆ. ತಲೆಬಾಗಿಲು ಮಾತ್ರ ಬಹುಕಾಲ ಒಂದೇ ಇರುತ್ತದೆ. ದೇವರ ಕೋಣೆ ಸಾಮಾನ್ಯವಾಗಿ ಹಿರಿಯನ ಪಾಲಿಗೆ ಹೋಗುವುದರಿಂದ ಹಬ್ಬದ ದಿನ ಕಿರಿಯರ ಮನೆಯ ಎಡೆ ಅಲ್ಲಿಗೇ ಬರುತ್ತದೆ. ಹೀಗೆ ಅಡ್ಡಗೋಡೆಗಳನ್ನು ಎಣಿಸಿ, ಯಾವ ಗೋಡೆಗೆ ಹಳೆಯ ತೊಲೆ ಆನಿಕೊಂಡಿದೆ ಎಂದು ನೋಡಿದರೆ ಮನೆತನವು ಎಷ್ಟು ಕವಲೊಡೆದಿದೆ ಎಂಬುದನ್ನು ಹೊತ್ತಿಗೆಯಿಲ್ಲದೆಯೂ ಅಂದಾಜು ಮಾಡಬಹುದು. ದೊಡ್ಡಮನಿ, ಮೇಲಿನಮನಿ, ಹೊಸಮನಿ ಮುಂತಾದ ಅಡ್ಡಹೆಸರುಗಳಲ್ಲಿ ಎಷ್ಟೋ ಇಂತಹ ಪಾಲುಗಳಿಂದ ಹುಟ್ಟಿದವು.

ಹೆಸರುಗಳು

ಸತ್ತ ಅಜ್ಜನ ಹೆಸರನ್ನು ಮೊಮ್ಮಗನಿಗಿಡುವುದು ಸೀಮೆಯ ರೂಢಿ. ಆದಕಾರಣ ವಂಶಾವಳಿಯಲ್ಲಿ ಒಂದು ತಲೆಮಾರು ಬಿಟ್ಟು ಒಂದು ತಲೆಮಾರಿನಲ್ಲಿ ಅದೇ ಹೆಸರು ಬರುತ್ತದೆ. ಹೆಸರು ಮನೆದೇವರನ್ನೂ ಸೂಚಿಸುತ್ತದೆ. ಕೊಟ್ರಪ್ಪ, ಕೊಟ್ರೇಶ, ಕೊಟ್ರಮ್ಮ ಎಂಬ ಹೆಸರುಗಳು ಕೊಟ್ಟೂರಿನ ಬಸವೇಶ್ವರನಿಂದ ಬಂದವು. ಮರುಳಸಿದ್ದಪ್ಪ ಉಜ್ಜಿನಿಯಿಂದ, ಮೈಲಾರಪ್ಪ ಹಡಗಲಿ ತಾಲ್ಲೂಕಿನ ಮೈಲಾರದಿಂದ, ಹುಲಿಗೆಮ್ಮ ನದಿಯಾಚೆಯ ಹುಲಿಗಿಯಿಂದ ಬಂದವು. ವಲಸೆ ಬಂದ ಮನೆತನ ಊರನ್ನು ಬಿಟ್ಟರೂ ದೇವರನ್ನು ಬಿಡದಿರುವುದರಿಂದ ಮೂಲಸ್ಥಳ ಹುಡುಕುವವರಿಗೆ ಇದು ಒಳ್ಳೆಯ ಸುಳಿವು. ಕುರುಬ, ವಾಲ್ಮೀಕಿ ನಾಯಕ ಮುಂತಾದ ಸಮುದಾಯಗಳಲ್ಲಿ ಇದರ ಜೊತೆಗೆ ಬೆಡಗು ಇದೆ. ಅರಿಷಿಣ, ಜೀರಿಗೆ, ಬೆಳ್ಳಿ ಮುಂತಾದ ವಸ್ತುಗಳ ಹೆಸರು ಹೊತ್ತ ಬೆಡಗುಗಳಲ್ಲಿ, ಒಂದೇ ಬೆಡಗಿನವರು ಅಣ್ಣತಮ್ಮಂದಿರೆನಿಸುವುದರಿಂದ ಅವರಲ್ಲಿ ಬೀಗತನ ಕೂಡದು.

ಊರ ಕೆಲಸದಿಂದ ಬಂದ ಹೆಸರುಗಳೂ ಹೇರಳವಾಗಿವೆ: ಗೌಡ, ಶಾನುಭೋಗ, ತಳವಾರ, ಬಡಿಗೇರ, ಹಡಪದ. ಆಯಗಾರರಿಗೆ ಸುಗ್ಗಿಯಲ್ಲಿ ಕಣದಲ್ಲಿಯೇ ಧಾನ್ಯದ ಆಯ ಸಲ್ಲುತ್ತಿತ್ತು. 1895ರ ಮದ್ರಾಸಿನ ಕಾಯಿದೆಯೊಂದು ಈ ಹುದ್ದೆಗಳ ವಂಶಪಾರಂಪರ್ಯವನ್ನು ಕ್ರಮಬದ್ಧಗೊಳಿಸಿತು. 1961ರ ಕರ್ನಾಟಕ ಗ್ರಾಮ ಹುದ್ದೆಗಳ ರದ್ದತಿ ಕಾಯಿದೆಯು 1963ರಲ್ಲಿ ಜಾರಿಗೆ ಬಂದು ಹುದ್ದೆಗಳು ಹೋದವು, ಹೆಸರುಗಳು ಉಳಿದವು.

ಊಟ, ಹಬ್ಬ

ಬಿಳಿಜೋಳದ ರೊಟ್ಟಿಯೇ ಸೀಮೆಯ ಮುಖ್ಯ ಆಹಾರ. ಸಜ್ಜೆ, ನವಣೆಗಳು ಹಿಂದಿಗಿಂತ ಕಡಿಮೆಯಾಗಿವೆ. ಪುಂಡಿಪಲ್ಯ, ಗುರೆಳ್ಳು ಪುಡಿ, ಶೇಂಗಾ ಚಟ್ನಿ, ಕೆಂಪುಖಾರ ಜೊತೆಗಿರುತ್ತವೆ. ಸಂಜೆಗೆ ಒಗ್ಗರಣೆ ಮಂಡಕ್ಕಿ ಮತ್ತು ಮೆಣಸಿನಕಾಯಿ ಬಜ್ಜಿ. ಕಾರ ಹುಣ್ಣಿಮೆಗೆ ಎತ್ತುಗಳ ಸಿಂಗಾರ, ಶೀಗಿ ಹುಣ್ಣಿಮೆಗೆ ಹೊಲದಲ್ಲಿ ಚರಗ. ಮೊಹರಂನಲ್ಲಿ ಅಲಾಯಿ ಕುಣಿಯುವವರಲ್ಲಿ ಎಲ್ಲ ಜಾತಿಯವರೂ ಇರುತ್ತಾರೆ.

ಮನೆತನದ ನೆನಪಿಗೆ ನೇರವಾಗಿ ಸಂಬಂಧಿಸಿದ್ದು ಮಹಾನವಮಿಗೆ ಮುಂಚಿನ ಪಕ್ಷದಲ್ಲಿ ಬರುವ ಹಿರಿಯರ ಹಬ್ಬ. ಅಂದು ಹೊಸ ಬಟ್ಟೆಯಿಟ್ಟು, ಎಡೆ ಹಿಡಿದು, ಸತ್ತವರ ಹೆಸರನ್ನು ಹೇಳುತ್ತಾರೆ. ಹೆಳವರ ಹೊತ್ತಿಗೆಯಲ್ಲಿ ಕಾಣದ ಅಜ್ಜಿ, ಮುತ್ತಜ್ಜಿಯರ ಹೆಸರು ಕೇಳಿಬರುವುದು ಈ ಎಡೆಯ ಮುಂದೆ. ಸಾಮಾನ್ಯವಾಗಿ ಅದು ಮೂರು ತಲೆಮಾರು ದಾಟುವುದಿಲ್ಲ.

ಮುಳುಗಡೆ

ತುಂಗಭದ್ರಾ ಅಣೆಕಟ್ಟಿಗೆ 1945ರ ಫೆಬ್ರವರಿ 28ರಂದು ಶಂಕುಸ್ಥಾಪನೆಯಾಯಿತು. 1953ರ ಹೊತ್ತಿಗೆ ನೀರು ನಿಲ್ಲಲಾರಂಭಿಸಿತು. ಸುಮಾರು 378 ಚದರ ಕಿಲೋಮೀಟರ್ ವಿಸ್ತಾರದ ಜಲಾಶಯದಲ್ಲಿ ನದಿಯ ಎರಡೂ ದಡಗಳ ಸುಮಾರು 90 ಹಳ್ಳಿಗಳು ಮುಳುಗಿದವು. ಐವತ್ತು ಸಾವಿರಕ್ಕೂ ಹೆಚ್ಚು ಜನ ಮನೆ ಬಿಟ್ಟರು. ಬಲದಂಡೆಯಲ್ಲಿ ನಾರಾಯಣದೇವರಕೆರೆಯಂತಹ ದೊಡ್ಡ ಊರೇ ಇಲ್ಲವಾಗಿ, ಅಲ್ಲಿನವರು ಮರಿಯಮ್ಮನಹಳ್ಳಿಯಲ್ಲಿ ನೆಲೆಸಿದರು. ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ನದೀತೀರದ ಹಳ್ಳಿಗಳವರು ಮೇಲಿನ ನೆಲಕ್ಕೆ ಬಂದರು.

ಆಗ ಜಾರಿಯಲ್ಲಿದ್ದ 1894ರ ಭೂಸ್ವಾಧೀನ ಕಾಯಿದೆಯು ಹಕ್ಕುದಾರನಿಗೆ ಪರಿಹಾರ ಕೊಡುವುದನ್ನು ಬಲ್ಲದು. ಪುನರ್ವಸತಿ ಎಂಬುದು ಅದರಲ್ಲಿ ಇರಲಿಲ್ಲ. ಆದುದರಿಂದ ಯಾರ ಹೆಸರು ಕಡತದಲ್ಲಿದೆ ಎಂಬುದೇ ಪ್ರಶ್ನೆಯಾಯಿತು. ಈ ಕಡತಗಳ ಮೂಲ 1800ರಿಂದ 1807ರ ವರೆಗೆ ದತ್ತ ಮಂಡಲದ ಮುಖ್ಯ ಕಲೆಕ್ಟರನಾಗಿದ್ದ ಥಾಮಸ್ ಮನ್ರೋ ನಡೆಸಿದ ಹೊಲಗಳ ಅಳತೆಯಲ್ಲಿದೆ. ಗ್ಲಾಸ್ಗೋದಲ್ಲಿ ಹುಟ್ಟಿದ ಈ ಸ್ಕಾಟ್ ಅಧಿಕಾರಿಯು ಮಧ್ಯವರ್ತಿಗಳಿಲ್ಲದೆ ರೈತನೊಂದಿಗೇ ಕಂದಾಯ ಗೊತ್ತುಮಾಡುವ ರೈತವಾರಿ ಪದ್ಧತಿಯನ್ನು ಇಲ್ಲಿ ಬೆಳೆಸಿದನು. ಕಂದಾಯ ಕೊಡುವವನ ಹೆಸರು ಸರ್ಕಾರದ ಲೆಕ್ಕಕ್ಕೆ ಬಂದಿತು. ಅವನ ಹೊಲದಲ್ಲಿ ದುಡಿದ ಕೂಲಿಯವನ, ಕಣದ ಆಯದಿಂದ ಬದುಕಿದವನ, ಹೆಂಗಸರ ಹೆಸರು ಬಹುಪಾಲು ಬರಲಿಲ್ಲ. ನೂರೈವತ್ತು ವರ್ಷಗಳ ನಂತರ ನೀರು ಬಂದಾಗ ಪರಿಹಾರವೂ ಅದೇ ಸಾಲುಗಳನ್ನು ಅನುಸರಿಸಿತು.

ಒಂದೇ ಊರಿನ ಮನೆತನಗಳು ಹಲವು ಊರುಗಳಿಗೆ ಚದುರಿದಾಗ ಹೆಳವರ ಸಂಚಾರದ ಹಾದಿಯೂ ಕೆಡುತ್ತದೆ. ಮನೆತನವನ್ನು ಮೂಲ ಊರಿನ ಹೆಸರಿನೊಂದಿಗೆ ಹೇಳುವುದು ಹೆಳವರ ರೂಢಿಯಾದ್ದರಿಂದ, ಅವರ ಬಾಯಲ್ಲಿ ಇಂದಿಗೂ ನೀರಿನಡಿಯ ಊರುಗಳಿಗೆ ಒಕ್ಕಲುಗಳಿದ್ದಾರೆ. ಬೇಸಿಗೆಯಲ್ಲಿ ಹಿನ್ನೀರು ಸರಿದಾಗ ಹಳೆಯ ಗುಡಿ, ಗೋಡೆಗಳ ತಳಪಾಯ ಕೆಲವೆಡೆ ಕಾಣಿಸಿಕೊಳ್ಳುತ್ತವೆ. ಹಿರಿಯರು ಮಕ್ಕಳನ್ನು ಕರೆದೊಯ್ದು ತಮ್ಮ ಮನೆಯ ಜಾಗ ತೋರಿಸುವುದುಂಟು.

ಇತ್ತೀಚಿನ ಸ್ಥಿತಿ

2000ನೆಯ ಇಸವಿಯ ಹೊತ್ತಿಗೆ 'ಭೂಮಿ' ಯೋಜನೆಯಡಿ ರಾಜ್ಯದ ಪಹಣಿಗಳು ಗಣಕೀಕೃತವಾದವು. ಸತ್ತವರ ಹೆಸರಿನಲ್ಲಿರುವ ಜಮೀನನ್ನು ಪೌತಿ ಖಾತೆಯ ಮೂಲಕ ವಾರಸುದಾರರಿಗೆ ಬದಲಾಯಿಸಲು ಈಗ ವಂಶವೃಕ್ಷ ಬೇಕು. ಕುಟುಂಬದವರು ಹೇಳಿದ್ದನ್ನು ಗ್ರಾಮ ಆಡಳಿತಾಧಿಕಾರಿಗಳು ವಿಚಾರಿಸಿ ಪರಿಶೀಲಿಸಿದ ಮೇಲೆ ಅದು ನಾಡಕಚೇರಿಯಿಂದ ದೊರೆಯುತ್ತದೆ. ಹೆಳವರ ವಂಶಾವಳಿಗೂ ಇದಕ್ಕೂ ಮುಖ್ಯ ವ್ಯತ್ಯಾಸವೆಂದರೆ ಇದರಲ್ಲಿ ಹೆಣ್ಣುಮಕ್ಕಳೂ ಇರಲೇಬೇಕು. ಹಿಂದೂ ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ಮಗಳಿಗೆ ಮಗನ ಸಮನಾದ ಹಕ್ಕನ್ನು ಕರ್ನಾಟಕವು 1994ರ ತಿದ್ದುಪಡಿಯಿಂದ ಕೊಟ್ಟಿತು; ಇಡೀ ದೇಶಕ್ಕೆ ಅದು 2005ರಲ್ಲಿ ಬಂದಿತು. ಹೆಣ್ಣುಮಕ್ಕಳನ್ನು ಬಿಟ್ಟು ವಂಶವೃಕ್ಷ ಬರೆಸುವ ಯತ್ನಗಳು, ಅರಿಷಿಣ-ಕುಂಕುಮಕ್ಕೆಂದು ಒಂದಿಷ್ಟು ಕೊಟ್ಟು ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಪಡೆಯುವುದು, ಇದರಿಂದ ಹುಟ್ಟುವ ದಾವೆಗಳು ಸೀಮೆಯ ಹಳ್ಳಿಗಳಿಗೆ ಹೊಸದಲ್ಲ.

ಹೆಳವರು ರಾಜ್ಯದ ಹಿಂದುಳಿದ ವರ್ಗಗಳ ಪಟ್ಟಿಯಲ್ಲಿ ಪ್ರವರ್ಗ-1ಕ್ಕೆ ಸೇರಿದ್ದಾರೆ. ಎತ್ತಿನ ಬದಲು ಬಸ್ಸು, ದ್ವಿಚಕ್ರ ವಾಹನಗಳಲ್ಲಿ ಬರುವವರಿದ್ದಾರೆ. ಅವರ ಮಕ್ಕಳಲ್ಲಿ ಅನೇಕರು ಬೇರೆ ಉದ್ಯೋಗ ಹಿಡಿದಿದ್ದಾರೆ. ಇತ್ತ ಒಕ್ಕಲು ಮನೆಗಳೂ ಬಾಗಿಲು ಹಾಕಿರುವುದುಂಟು. ಮಳೆ ಕೈಕೊಟ್ಟ ವರ್ಷಗಳಲ್ಲಿ ಸೀಮೆಯ ಬಡ ಕುಟುಂಬಗಳು ಬೆಂಗಳೂರಿನ ಕಟ್ಟಡ ಕೆಲಸಕ್ಕೆ, ಮಂಡ್ಯದ ಕಬ್ಬಿನ ಗದ್ದೆಗಳಿಗೆ, ಚಿಕ್ಕಮಗಳೂರಿನ ಕಾಫಿ ತೋಟಗಳಿಗೆ ಗುಳೆ ಹೋಗುತ್ತವೆ. ಅಂತಹ ಸಮಯದಲ್ಲಿ ಹೆಳವನು ಬಂದರೆ ಮನೆಯಲ್ಲಿ ಉಳಿದ ಮುದುಕರನ್ನು ಕೇಳಿ, ದೂರದ ಊರುಗಳಲ್ಲಿ ಹುಟ್ಟಿದ ಮಕ್ಕಳ ಹೆಸರನ್ನು ಮೂಲ ಊರಿನ ಪುಟದಲ್ಲಿ ಬರೆದುಕೊಂಡು ಹೋಗುತ್ತಾನೆ.